ಇಣಚಿಯ ಟೊಂಗೆಯ ಮೇಲೆ ಡಾರ್ಮೌಸ್

ಡಾರ್ಮೌಸನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಆದರೂ ಅದನ್ನು ಒಂದು ಮನೆಯಿಂದ ಎಬ್ಬಿಸಿ ಇನ್ನೊಂದು ಮನೆಯಲ್ಲಿ ಕೂರಿಸಿದ ಪಾಪ ನನ್ನದು. ಇಲಿಯಂಥ ಮುಖ, ಅಳಿಲಿನಂಥ, ಅಂದರೆ ನಮ್ಮ ಕಡೆಯ ಇಣಚಿಯಂಥ ತುಪ್ಪುಳದ ಬಾಲ, ಚಳಿಗಾಲವಿಡೀ ನಿದ್ದೆ. ಆ ಪರದೇಶಿ ಪ್ರಾಣಿಗೂ ಲಕ್ಷ್ಮೇಶ್ವರಕ್ಕೂ ಏನು ಸಂಬಂಧ ಎನ್ನಬೇಡಿ. ವಿಜ್ಞಾನದ ಮಾಸ್ತರನಿಗೆ ಹುರುಪು ಬಂದರೆ ಯಾವ ಸಂಬಂಧವೂ ಕುದುರುತ್ತದೆ.

ಎಪ್ಪತ್ತರ ದಶಕದ ನಡುವೆ ಒಮ್ಮೆ, ಇಲಿ, ಅಳಿಲು ಮುಂತಾದ ದಂಶಕಗಳ ವಂಶವೃಕ್ಷವನ್ನು ಶಾಲೆಗಾಗಿ ತಗಡಿನ ಮೇಲೆ ಬರೆಸಲು ಹೊರಟೆ. ಬರೆಯುವವರು ದಸ್ತಗೀರಸಾಬರು. ಪೇಟೆಯ ಕಾಳಿನ ಅಂಗಡಿಗಳ ಬೋರ್ಡೆಲ್ಲ ಅವರವೇ. ಪ್ರತಿ ಬೋರ್ಡಿನ ಮೂಲೆಯಲ್ಲೂ ಜೀರಿಗೆಯಷ್ಟು ಅಕ್ಷರದಲ್ಲಿ ಅವರ ಹೆಸರಿರುತ್ತಿತ್ತು.

ನಕಾಶೆ ಕೊಟ್ಟು ಪಾಠಕ್ಕೆ ಹೋಗಿ ಬಂದರೆ, ಡಾರ್ಮೌಸ್ ಅಳಿಲಿನ ಟೊಂಗೆಯ ಮೇಲೆ ಕೂತಿದೆ! ಪುಸ್ತಕದಲ್ಲಿ ಅದು ಇಲಿಯ ಬಳಗ. ಮರುದಿನ ಇನ್‌ಸ್ಪೆಕ್ಟರು ಬರುವವರು.

"ಇದನ್ನ ಇಲಿ ಕಡೆ ಹಾಕ್ರಿ, ಸಾಬ್ರ."

"ಬಾಲಾ ನೋಡ್ರಿ ಮಾಸ್ತರ! ಇದು ಇಣಚಿ ಪೈಕಿ."

"ಪುಸ್ತಕದಾಗ ಹಂಗಿಲ್ಲ."

"ಪುಸ್ತಕ ಬರದಾಂವರ ಇದನ್ನ ನೋಡ್ಯಾನೋ, ನಿಮ್ಮಂಗನೋ?"

ಆದರೂ ಅಳಿಸಿದರು. ಇಲಿಯ ಮೀಸೆಗೆ ತಾಗಿಸಿ, ಇಕ್ಕಟ್ಟಿನಲ್ಲಿ ಬರೆದರು. ಮೂಲೆಯಲ್ಲಿ ಹೆಸರು ಮಾತ್ರ ಹಾಕಲಿಲ್ಲ. "ಇದು ನಂದಲ್ರಿ, ನಿಮ್ಮದು" ಎಂದು ಕುಂಚ ತೊಳೆದುಕೊಂಡು ಹೋದರು. ಇನ್‌ಸ್ಪೆಕ್ಟರು ಹೊಗಳಿದರು. ನನ್ನ ಕಣ್ಣು ಮಾತ್ರ ಆ ಖಾಲಿ ಮೂಲೆಯಲ್ಲೇ ಇತ್ತು. ಮುಂದೆ ವರ್ಷಗಟ್ಟಲೆ ಅಲ್ಲೇ ಇತ್ತು.

ಎಂಬತ್ತರ ದಶಕದ ಕೊನೆಗೆ ಗದಗಿನ ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಡಾರ್ಮೌಸಿನ ನಂಟು ಅಳಿಲಿನ ಕಡೆಗೇ ಇರಬಹುದೆಂದು ಕೆಲವು ಪಂಡಿತರ ವಾದವಂತೆ. ಜಗಳ ಇನ್ನೂ ಹರಿದಿರಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಊರಿಗೆ ಬಂದವನೇ ತಗಡನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಾಬರ ಅಂಗಡಿಗೆ ಹೋದೆ.

"ಸೋತೆ, ಸಾಬ್ರ. ಬಾಲಾ ನೋಡಿ ನೀವಂದಿದ್ದ ಖರೆ."

"ಬಾಲಾ? ನಾ ಯಾವಾಗ ಅಂದೆನ್ರಿ? ಇಲಿ ಕಡೆ ಜಾಗಾ ಇದ್ದಿದ್ದಿಲ್ಲ. ಇಣಚಿ ಟೊಂಗಿ ಖಾಲಿ ಇತ್ತು, ಕುಂಡ್ರಿಸಿದೆ."

ತಗಡು ನೋಡಿದೆ. ಇಲಿಯ ಕಡೆ ಜಾಗ ಖಂಡಿತ ಇರಲಿಲ್ಲ. ಹಾಗಾದರೆ ಬಾಲದ ಮಾತನ್ನು ಅವರ ಬಾಯಿಗೆ ತುರುಕಿದವನು ನಾನೇ? ನೆನಪು ಚೊಕ್ಕವಾದಷ್ಟೂ ನನಗೆ ಅದರ ಮೇಲೆ ಗುಮಾನಿ. ಮೇಲಿನ ಸಂಭಾಷಣೆಯನ್ನು ಹೊಡೆದುಹಾಕಬೇಕಿತ್ತು, ಮನಸ್ಸು ಬರಲಿಲ್ಲ.

ಸಾಬರು ಆಗಲೇ ಡಾರ್ಮೌಸನ್ನು ಹಳೆಯ ಟೊಂಗೆಗೆ ದಾಟಿಸುತ್ತಿದ್ದರು.

"ನಾಳೆ ಪುಸ್ತಕ ಮತ್ತ ಬದಲಾದ್ರ?" ಎಂದೆ.

"ಆಗಲಿ ಬಿಡ್ರಿ. ಇಲ್ಲಿ ಆರಾಮ ಕುಂತೈತಿ" ಎಂದವರೇ ಕುಂಚವನ್ನು ಮೂಲೆಗೆ ಒಯ್ದು, ಕನ್ನಡಕ ಸರಿಮಾಡಿಕೊಂಡು, ಜೀರಿಗೆಯಷ್ಟು ಅಕ್ಷರದಲ್ಲಿ ತಮ್ಮ ಹೆಸರು ಬರೆದರು.