ಹುಳಿಮಜ್ಜಿಗೆಗೆ ಬಿದ್ದ ಅನಾಮಧೇಯ ಮತ

ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಆತಿಥೇಯನ ಮುಖಕ್ಕೆ ಹೇಳಿದ ಅತಿಥಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡಿರಲಿಲ್ಲ. ಬಿಟಿಎಂ ಲೇಔಟಿನ ನಮ್ಮ ಮಹಡಿ ಮನೆಯ ಬಾಡಿಗೆದಾರ, ಧಾರವಾಡದ ಕಡೆಯ ಬಸವರಾಜ, ಭಾನುವಾರ ಬೆಳಗ್ಗೆ ನಮ್ಮ ವರಾಂಡದಲ್ಲಿ ಲೋಟ ಕೆಳಗಿಡುತ್ತ ತಪ್ಪದೆ ಹೇಳುತ್ತಿದ್ದುದು ಒಂದೇ ಮಾತು: "ಚಲೋ ಐತ್ರಿ ಸರ್." ನಿವೃತ್ತನಾದ ನನಗೆ ವಾರದ ಉಳಿದ ದಿನಗಳನ್ನು ನೂಕಲು ಅವನೊಡನೆ ಆಡುವ ಆ ಹರಟೆಯೇ ಆಧಾರವಾಗಿತ್ತು.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ ತೋಟಗಾರಿಕೆಯ ಪ್ರಶ್ನೋತ್ತರದ ವೆಬ್‌ಸೈಟೊಂದಕ್ಕೆ ನನ್ನನ್ನು ಸೇರಿಸಿದವನೂ ಅವನೇ. ಯಾರೋ ಕೇಳುತ್ತಾರೆ, ಯಾರೋ ಉತ್ತರಿಸುತ್ತಾರೆ, ಉಳಿದ ಸದಸ್ಯರು ಮತ ಹಾಕುತ್ತಾರೆ; ಸಾಕಷ್ಟು ಮಂದಿ ಬೇಡವೆಂದರೆ ಉತ್ತರವೇ ಅಂತರ್ಧಾನ. ಕುಂಡದ ಕರಿಬೇವಿಗೆ ದಿನವೂ ಹುಳಿಮಜ್ಜಿಗೆ ಹೊಯ್ಯಿರೆಂದು, ಸ್ವಾನುಭವದ ಸಕಲ ಗಾಂಭೀರ್ಯದೊಡನೆ ನಾನು ಬರೆದೆ. ಮರುದಿನ ನೋಡಿದರೆ ನನ್ನ ಜ್ಞಾನವಿದ್ದ ಜಾಗದಲ್ಲಿ ಒಂದೇ ಸಾಲು: ಸದಸ್ಯರ ಮತದಂತೆ ಈ ಉತ್ತರವನ್ನು ತೆಗೆಯಲಾಗಿದೆ. ಯಾವ ಸದಸ್ಯರು? ಅದನ್ನು ಮಾತ್ರ ಹೇಳುವುದಿಲ್ಲವಂತೆ.

ಹೆಸರಿಲ್ಲದ ಶತ್ರುವಿನ ತೊಂದರೆಯೆಂದರೆ ಅವನಿಗೆ ಯಾರ ಮುಖವನ್ನು ಬೇಕಾದರೂ ಅಂಟಿಸಬಹುದು. ಆ ಸೈಟಿನಲ್ಲಿ ನನಗೆ ಗೊತ್ತಿದ್ದ ಏಕೈಕ ಸದಸ್ಯ ಬಸವರಾಜನಾದ್ದರಿಂದ ಅವನ ಮುಖವನ್ನೇ ಅಂಟಿಸಿದೆ. ಅಂದಿನಿಂದ ಅವನು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಸಾಕು, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯತೊಡಗಿದೆ. ಅವನು ನಕ್ಕರೆ ಲೇವಡಿ, ನಗದಿದ್ದರೆ ಅಳುಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯೇ. ಆ ಮತಗಳಲ್ಲೊಂದು ಅವನದೇ ಆಗಿದ್ದರೆ ಇಷ್ಟು ಭಾನುವಾರಗಳ "ಚಲೋ ಐತ್ರಿ"ಗಳ ಗತಿಯೇನು? ಕೇಳೋಣವೆಂದರೆ, ಅವನದಲ್ಲದಿದ್ದರೆ ಸ್ನೇಹಕ್ಕೆ ಎಳ್ಳುನೀರು. ಆ ಭಾನುವಾರ ತಲೆನೋವೆಂದು ಬಾಗಿಲು ಹಾಕಿಕೊಂಡೆ. ಸುಳ್ಳು ಹೇಳಿದ ಮೇಲೆ ತಲೆ ನಿಜವಾಗಿಯೂ ನೋಯತೊಡಗಿತು.

ಹೀಗಿರುವಾಗ ಕುಮಾರಸ್ವಾಮಿ ಲೇಔಟಿನ ಮದುವೆಯೊಂದರಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಬೇಕಾಯಿತು. ಅಡುಗೆಯ ಯಜಮಾನರು ಸಾಲಿನುದ್ದಕ್ಕೂ ಬಂದು, "ಊಟ ಹೇಗಿತ್ತು ಸಾರ್?" ಎಂದು ವಿಚಾರಿಸಿದರು. ಎಲ್ಲರೂ ಸಖತ್ತೆಂದರು. ನಾನೂ ಅಂದೆ, ಅಂದವನು, ಬಾಯಿಗಿಡಲಾಗದ ಹಾಗಲಕಾಯಿ ಗೊಜ್ಜು ಕಾಣದಂತೆ ಎಲೆಯನ್ನು ಮಡಿಚಿದೆ. ಕೈ ತೊಳೆದು ಬರುವಾಗ ನೋಡುತ್ತೇನೆ, ಅದೇ ಯಜಮಾನರು ಎಲೆ ಬಿಸಾಡುವ ಬುಟ್ಟಿಯ ಪಕ್ಕ ನಿಂತು, ಯಾವ ಪದಾರ್ಥ ಉಳಿದಿದೆಯೆಂದು ಒಂದೊಂದೇ ಎಲೆ ಬಿಡಿಸಿ ಇಣುಕುತ್ತಿದ್ದಾರೆ. ಯಾರ ಎಲೆಯೆಂದು ಅವರು ಕೇಳಲಿಲ್ಲ, ಗೊಜ್ಜನ್ನು ಮಾತ್ರ ಮುಂದಿನ ಪಂಕ್ತಿಗೆ ನಿಲ್ಲಿಸಿದರು. ನಾನು ನಾಚಿಕೊಂಡೆ. ಎದುರಿಗೆ ಹೊಗಳಿ ಬೆನ್ನಹಿಂದೆ ಮತ ಹಾಕಿದವನು ನಾನೇ ತಾನೆ?

ಮತ ಅವನದೇ ಆದರೂ ಇಬ್ಬರಿಗೂ ಸರಿಹೋಯಿತೆಂಬ ಧೈರ್ಯದಲ್ಲಿ, ವೀಳ್ಯದೆಲೆ ಜಗಿಯುತ್ತಿದ್ದ ಬಸವರಾಜನನ್ನು ಕೇಳಿಯೇಬಿಟ್ಟೆ: "ಆ ಮಜ್ಜಿಗೆ ವಿಷಯಕ್ಕೆ ವೋಟ್ ಹಾಕಿದ್ದು ನೀನೇನಪ್ಪಾ?"

"ನಾ ಅಲ್ರಿ ಸರ್," ಅಂದ. "ಆದ್ರ ನಮ್ಮ ಮೆಟ್ಲ ಕೆಳಗಿನ ಗಿಡಾ ಒಮ್ಮೆ ನೋಡ್ರಿ. ಒಣಗೇತಿ. ದಿನಾ ನೋಡ್ತಿದ್ದೆ, ಹೆಂಗ ಹೇಳೂದಂತ ಸುಮ್ನಾದೆ."

ಹೌದು, ನನ್ನ ಕರಿಬೇವು ಸತ್ತಿತ್ತು. ಎಲೆ ಉದುರುವುದನ್ನು ಋತುಧರ್ಮವೆಂದು ಬಗೆದು ನಾನು ಇನ್ನೂ ಒಂದು ಲೋಟ ಮಜ್ಜಿಗೆ ಹೆಚ್ಚಾಗಿಯೇ ಹೊಯ್ದಿದ್ದೆ. ಆ ಮತಗಳು ಯಾರವೆಂಬುದು ಇಂದಿಗೂ ತಿಳಿಯದು. ಯಾರವೇ ಆಗಿರಲಿ, ಬೇರೆಯವರ ಗಿಡಗಳನ್ನು ಉಳಿಸಿದ್ದು ಅವೇ.

ಮುಂದಿನ ಭಾನುವಾರ ಬಸವರಾಜ ಎಂದಿನಂತೆ ಬಂದ, ಲೋಟ ಕೆಳಗಿಟ್ಟ, ಅಡುಗೆಮನೆಯತ್ತ ಒಮ್ಮೆ ನೋಡಿ ಪಿಸುಗುಟ್ಟಿದ: "ಸಕ್ರಿ ಭಾಳ ಆತ್ರಿ ಸರ್." ಹಿಗ್ಗಿ ಹೋದ ನಾನು ಅವನು ಹೊರಟ ಕೂಡಲೇ ಒಳಗೆ ಹೋಗಿ, ಹೆಸರು ಹೇಳದೆ ಸುದ್ದಿ ಮುಟ್ಟಿಸಿದೆ. ಹೆಂಡತಿ ಸೌಟು ಹಿಡಿದೇ ತಿರುಗಿದಳು. "ಯಾರು ಹೇಳಿದ್ದು?"

"ಗೊತ್ತಿಲ್ಲ ಕಣೇ," ಅಂದೆ.

ವರಾಂಡದಲ್ಲಿ ಇದ್ದವರು ಇಬ್ಬರೇ. ಅಪವಾದ ನನ್ನ ತಲೆಗೇ ಬಂತು. ಆ ವಾರವಿಡೀ ನನಗೆ ಸಿಕ್ಕಿದ್ದು ಸಕ್ಕರೆಯೇ ಇಲ್ಲದ ಕಾಫಿ. ಹೇಗಿದೆಯೆಂದು ಅವಳು ಕೇಳಿದಾಗಲೆಲ್ಲ, ಚೆನ್ನಾಗಿದೆ ಅಂದೆ.