ಗವಸಿನಕ್ಕ ಗುಡ್ಡ ಹತ್ತಿದ್ದು

ಆ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದ ವಸ್ತು ಒಂದೂ ಇರಲಿಲ್ಲ. ಮಿಕ್ಸಿಗೆ ಹೂವಿನ ಲಂಗ, ಫ್ರಿಜ್ಜಿನ ತಲೆಗೆ ಜೇಬುಗಳಿದ್ದ ಟೋಪಿ, ಟೀವಿಗೆ ಪರದೆ, ರಿಮೋಟಿಗೆ ಗುಂಡಿ ಹಾಕಿದ ಅಂಗಿ. ಹೊಲಿಗೆ ಯಂತ್ರಕ್ಕೂ ಒಂದು ಗವಸು ಇತ್ತು. ಆ ಗವಸು ಮಾಸದಿರಲೆಂದು ಅದರ ಮೇಲೊಂದು ಹಳೆಯ ಬಟ್ಟೆ. ಮನೆಯ ಯಜಮಾನಿಯ ಕಸುಬೂ ಅದೇ ಆಗಿತ್ತು. ಸೋಫಾ, ಕುರ್ಚಿ, ದಿಂಬು, ಸ್ಕೂಟರಿನ ಸೀಟು, ಯಾರು ಏನೇ ಹೇಳಿದರೂ ಕಣ್ಣಳತೆಯಲ್ಲೇ ಕತ್ತರಿಸಿ ಗವಸು ಹೊಲಿದುಕೊಡುತ್ತಿದ್ದಳು. ಹಾಗಾಗಿ ಬೀದಿಗೆಲ್ಲ ಅವಳು ಗವಸಿನಕ್ಕ. ಅವಳ ಮನೆಯಲ್ಲಿ ತುಂಬಾ ಹೊತ್ತು ಅಲುಗಾಡದೆ ಕೂರಬೇಡಿ, ನಿಮಗೂ ಅಳತೆ ತೆಗೆದುಬಿಡುತ್ತಾಳೆ ಎಂದು ಎದುರುಮನೆಯವರು ಬಂದವರನ್ನು ಹೆದರಿಸುತ್ತಿದ್ದರು.

ಸೂಜಿ ಹಿಡಿದರೆ ಅಪಾರ ತಾಳ್ಮೆ, ಮಾತಿಗೆ ಕೂತರೆ ಕೋಪ ಮೂಗಿನ ತುದಿಯಲ್ಲೇ. ಹಾಗಂತ ಕೂಗಾಡುವವಳಲ್ಲ. ಮಾತು ಹಿಡಿಸದಿದ್ದರೆ ಎದ್ದು ಹೋಗಿಬಿಡುತ್ತಿದ್ದಳು, ಅಷ್ಟೆ. ಎದುರಿಗಿದ್ದವರ ವಾಕ್ಯ ಇನ್ನೂ ಅರ್ಧದಲ್ಲಿರುವಾಗಲೇ ಇವಳ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿಸುತ್ತಿತ್ತು. ಬೀದಿಯವರು ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದರು. ಹೊಟ್ಟೆಗೆ ಹಾಕಿಕೊಳ್ಳಲಾಗದೆ ಹೋದವಳು ತಂಗಿ ಒಬ್ಬಳೇ.

ಅದು ಅಮ್ಮ ಜ್ವರದಲ್ಲಿ ಮಲಗಿದ್ದ ಕಾಲ. ಅಕ್ಕ ತಾನೇ ಹೊಲಿದ ತುಂಡುಬಟ್ಟೆಗಳ ಹೊದಿಕೆಯನ್ನು ಅಮ್ಮನಿಗೆ ಕುತ್ತಿಗೆವರೆಗೂ ಹೊದಿಸಿ, ಸುತ್ತ ಒತ್ತಿ ಒತ್ತಿ ಸಿಕ್ಕಿಸಿದ್ದಳು. ಊರಿನಿಂದ ಬಂದ ತಂಗಿ ಬ್ಯಾಗು ಕೆಳಗಿಡುವ ಮೊದಲೇ ಅದನ್ನು ಎಳೆದು ಬದಿಗೆ ಹಾಕಿದಳು.

"ಗಾಳಿ ಆಡ್ಲಿ ಬಿಡೇ ಅಕ್ಕ, ಮೈ ಕೆಂಡದ ಹಾಗೆ ಸುಡ್ತಿದೆ. ನಿಂಗೆ ಮುಚ್ಚೋದೊಂದೇ ಗೊತ್ತು" ಎಂದಳು.

ತಂಗಿ ಇನ್ನೂ ಏನೋ ಹೇಳುತ್ತಿದ್ದಳು. ಅಕ್ಕ ಅಷ್ಟರಲ್ಲಿ ಬೀದಿಯಲ್ಲಿದ್ದಳು. ಎಲ್ಲೆಲ್ಲೋ ಸುತ್ತಿ ಸಂಜೆಗೆ ವಾಪಸಾದಾಗ ಅಮ್ಮ ತೀರಿಕೊಂಡಿದ್ದಳು. ಆ ಹೊದಿಕೆಯೂ ಆಮೇಲೆ ಮನೆಯಲ್ಲಿ ಎಲ್ಲೂ ಕಾಣಲಿಲ್ಲ. ತಂಗಿ ಅದನ್ನು ಎಸೆದೇಬಿಟ್ಟಳು ಎಂದು ಅಕ್ಕ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಳು. ಕೇಳಲು ಮಾತ್ರ ಹೋಗಲಿಲ್ಲ. ತಂಗಿ ಸಮುದ್ರದಾಚೆ ಸಂಸಾರ ಹೂಡಿದ ಮೇಲೆ ಫೋನಿನಲ್ಲಿ "ಚೆನ್ನಾಗಿದ್ದೀಯಾ?" "ಹೂಂ." "ಅಲ್ಲಿ ಮಳೆನಾ?" "ಹೂಂ" ಎನ್ನುವಲ್ಲಿಗೆ ಅಕ್ಕತಂಗಿಯರ ಬಾಂಧವ್ಯ ಬಂದು ನಿಂತಿತ್ತು.

ಇದನ್ನೆಲ್ಲ ನೋಡಿ ನೋಡಿ ಸಾಕಾಗಿದ್ದವಳು ಗವಸಿನಕ್ಕನ ಮಗಳು. ಪಕ್ಕದ ಬಡಾವಣೆಯಲ್ಲಿ ಗಂಡನೊಂದಿಗೆ ಇದ್ದವಳು, ಬಲು ಕಿಲಾಡಿ. ತನ್ನ ಹಳೆಯ ದೊಡ್ಡ ಕಂಪ್ಯೂಟರನ್ನು ಅಮ್ಮನ ಮನೆಗೆ ತಂದಿಟ್ಟು, ಅದರಲ್ಲಿ ಒಂದು ಆಟ ಹಾಕಿ, ಅದೇ ಆಟವನ್ನು ಚಿಕ್ಕಮ್ಮನಿಗೂ ಹಾಕಿಸಿಕೊಟ್ಟಳು.

"ನೀವಿಬ್ರೂ ಮಾತಾಡೋದು ಬೇಡ. ಜೊತೇಲಿ ನಡೀರಿ ಸಾಕು" ಎಂದಳು.

ಆ ಆಟದಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಒಗೆದ ಬಟ್ಟೆಯಷ್ಟು ತಿಳಿಯಾದ ಆಕಾಶ, ಅದರ ಕೆಳಗೆ ಒಂದು ಕೆರೆ, ಕೆರೆಯ ಸುತ್ತ ಸೊಂಟದೆತ್ತರದ ಬಿಳಿ ಹುಲ್ಲು. ನಡೆದರೆ ಹುಲ್ಲು ದಾರಿ ಬಿಡುತ್ತದೆ, ನಿಂತರೆ ಮತ್ತೆ ಕೂಡಿಕೊಳ್ಳುತ್ತದೆ. ಅಲ್ಲಿ ಗವಸಿನಕ್ಕ ನೀಲಿ ಕೋಟಿನ ಪುಟ್ಟ ಹೆಂಗಸು, ತಂಗಿ ಹಳದಿ ಟೋಪಿಯವಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇಬ್ಬರೂ "ಬಾ", "ಈ ಕಡೆ" ಎಂದಷ್ಟೇ ಮಾತಾಡಿಕೊಂಡು ನಡೆಯುತ್ತಿದ್ದರು. ಇಲ್ಲಿ ಮಧ್ಯಾಹ್ನದ ನಿದ್ದೆಯ ಹೊತ್ತು, ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು. ಕೋಣೆಯಲ್ಲಿ ಬಟ್ಟೆ ತೊಟ್ಟ ಯಂತ್ರಗಳೆಲ್ಲ ಊಟ ಮುಗಿಸಿ ಮಲಗಿದಂತೆ ಸುಮ್ಮನಿರುತ್ತಿದ್ದವು. ತಾನು ಕುರ್ಚಿಯಲ್ಲಿದ್ದೇನೆಯೋ ಹುಲ್ಲಿನಲ್ಲಿದ್ದೇನೆಯೋ ಗವಸಿನಕ್ಕನಿಗೆ ಎಷ್ಟೋ ಸಲ ಮರೆತುಹೋಗುತ್ತಿತ್ತು. ಎದ್ದ ಮೇಲೂ ಕಾಲಿಗೆ ಕೆರೆಯ ತಂಪು ಅಂಟಿಕೊಂಡೇ ಇರುತ್ತಿತ್ತು. ಅವಳು ಸುಖವಾಗಿದ್ದಳು, ಆದರೆ ಅದನ್ನು ಯಾರಿಗೂ ಹೇಳಲಿಲ್ಲ.

ಒಂದು ದಿನ ಹಳದಿ ಟೋಪಿ ಕೆರೆಯಾಚೆಯ ಗುಡ್ಡದತ್ತ ತಿರುಗಿ ನಿಂತಿತು.

"ಅಕ್ಕ, ಮೇಲೊಂದು ಬೆಂಚಿದೆ. ಅಲ್ಲಿ ಕೂತ್ಕೊಳ್ಳೋಣ. ನಿಂಗೊಂದು ವಿಷಯ ಹೇಳೋದಿದೆ."

ಹಳೆಯದನ್ನು ಕೆದಕುತ್ತಾಳೇನೋ ಎಂದು ಗವಸಿನಕ್ಕನಿಗೆ ಅಳುಕಾಯಿತು. ಆದರೂ ಹತ್ತಿದಳು. ಗುಡ್ಡದ ಮೇಲೆ ಮರಗಳು ದಟ್ಟವಾದವು, ಎಲೆ ಎಲೆಯೂ ಬೇರೆಬೇರೆಯಾಗಿ ಅಲುಗಾಡಿತು, ಮಂಜಿನೊಳಗಿಂದ ಮಿಂಚುಹುಳುಗಳು ಎದ್ದವು. ಮೇಜಿನ ಕೆಳಗೆ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಇನ್ನೇನು ಬೆಂಚು ಕಾಣಬೇಕು, ಪರದೆ ಕಪ್ಪಾಯಿತು. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಕಂಪ್ಯೂಟರ್ ಮೊದಲಿನಿಂದ ಶುರುವಾಯಿತು.

ಮರುವಾರವೂ ಹಾಗೇ ಆಯಿತು. ಅದರ ಮುಂದಿನ ವಾರವೂ ಅಷ್ಟೇ. ತಂಗಿಯ ಕಡೆಯಿಂದ ನೋಡಿದರೆ ಕಾಣುತ್ತಿದ್ದದ್ದು ಒಂದೇ: ಜೊತೆಗೆ ಹತ್ತುತ್ತಿದ್ದ ಅಕ್ಕ ಅರ್ಧ ದಾರಿಯಲ್ಲಿ ಮಾಯ. ಮೂರನೆಯ ಸಲ ತಂಗಿ ಫೋನು ಮಾಡಿದಳು.

"ಕೇಳೋಕೆ ಇಷ್ಟ ಇಲ್ದಿದ್ರೆ ಇಲ್ಲ ಅಂದ್ಬಿಡು ಅಕ್ಕ. ಆಟದಲ್ಲೂ ಎದ್ದು ಹೋಗ್ಬೇಡ."

"ನಾನೆಲ್ಲೇ ಹೋದೆ? ಕಂಪ್ಯೂಟರ್ ತಾನಾಗೇ ಆಫ್ ಆಗ್ತಿದೆ."

"ಹೌದೌದು. ಅವತ್ತೂ ಕಾಲು ತಾನಾಗೇ ನಡ್ಕೊಂಡು ಹೋಗಿತ್ತು. ಭಾನುವಾರ ಆಟಕ್ಕೆ ಬರ್ತೀನಿ. ಅವತ್ತೂ ಹೀಗೇ ಆದ್ರೆ ಇನ್ನು ಕರೆಯಲ್ಲ. ನಂಗೂ ಸಾಕಾಗಿದೆ."

ಜನ್ಮದಲ್ಲಿ ಮೊದಲ ಸಲ ಗವಸಿನಕ್ಕ ಎದ್ದು ಹೋಗದೆ ಕೂತಿದ್ದಳು. ನಂಬುವವರೇ ಇರಲಿಲ್ಲ.

ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದ. ಯಾವ ಯಂತ್ರ ತಂದರೂ ಮೊದಲು "ಯಾವಾಗಿಂದ ಹೀಗೆ?" ಎಂದು ಕೇಳುತ್ತಿದ್ದುದರಿಂದ ಅವನಿಗೆ ಡಾಕ್ಟ್ರು ಎಂದೇ ಹೆಸರು. ಅವನಲ್ಲಿಗೆ ಒಯ್ಯುವ ಮೊದಲು ಗವಸಿನಕ್ಕ ಕಂಪ್ಯೂಟರಿನ ಗವಸು ಬಿಚ್ಚಿ, ಮಡಿಸಿ ಮನೆಯಲ್ಲೇ ಇಟ್ಟು, ಡಬ್ಬಿಯ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಹೊರಗೆ ಕರೆದೊಯ್ಯುವಾಗ ಮುಖ ತೊಳೆಸದೆ ಆಗುತ್ತದೆಯೇ?

ಡಾಕ್ಟ್ರು ಡಬ್ಬಿಯ ಪಕ್ಕದ ಬಾಗಿಲು ಬಿಚ್ಚಿ ಒಳಗಿನ ಹಳೆಯ ಧೂಳನ್ನೆಲ್ಲ ಊದಿ ತೆಗೆದ. ಫ್ಯಾನು ತಿರುಗಿಸಿ ನೋಡಿದ, ತಂತಿಗಳನ್ನು ಅದುಮಿದ, ಮೆಮೊರಿ ತೆಗೆದು ಹಾಕಿದ, ಪ್ರೊಸೆಸರ್ ಮೇಲೆ ಒಣಗಿಹೋಗಿದ್ದ ಪೇಸ್ಟು ಕೆರೆದು ಹೊಸದು ಹಚ್ಚಿದ. ಕೊನೆಗೆ ಆಟ ಹಾಕಿ, ಗುಡ್ಡ ಹತ್ತಿಸಿಯೇ ಬಿಟ್ಟ. ಅಂಗಡಿಯ ಗದ್ದಲದ ನಡುವೆ ಗವಸಿನಕ್ಕ ಮೊದಲ ಸಲ ಆ ಬೆಂಚನ್ನು ಕಂಡಳು. ದೊಡ್ಡ ಮರ, ಕೆಳಗೆ ಕೆರೆ ಅಂಗಿಯ ಗುಂಡಿಯಷ್ಟು ಚಿಕ್ಕದಾಗಿ ಹೊಳೆಯುತ್ತಿತ್ತು. ನೀಲಿ ಕೋಟಿನ ಹೆಂಗಸು ಹೋಗಿ ಬೆಂಚಿನ ಒಂದು ತುದಿಗೆ ಕೂತಳು. ಇನ್ನೊಂದು ತುದಿ ಖಾಲಿ.

"ಇಳಿಸಿಬಿಡಿ ಡಾಕ್ಟ್ರೇ. ನಾನಲ್ಲಿ ಒಬ್ಬಳೇ ಕೂರೋ ಹಾಗಿಲ್ಲ" ಎಂದಳು.

"ನೋಡಿ ಅಕ್ಕ, ಎಷ್ಟೊತ್ತಿಂದ ಓಡ್ತಿದೆ. ರೋಗಿ ಗಟ್ಟಿಯಾಗಿದ್ದಾನೆ" ಎಂದು ಡಾಕ್ಟ್ರು ಕೈ ಒರೆಸಿಕೊಂಡ.

ಮನೆಗೆ ತಂದು, ಗವಸು ಹಾಕಿ, ಒಬ್ಬಳೇ ಗುಡ್ಡದ ಅರ್ಧದವರೆಗೆ ಹೋಗಿ ಬರೋಣವೆಂದು ಹೊರಟರೆ ರೋಗಿ ಮತ್ತೆ ಕೈಕೊಟ್ಟ. ಡಾಕ್ಟ್ರು ಮನೆಗೇ ಬಂದ. ಹೊರಗಿನವರು ಬಂದಾಗ ಗವಸು ತೆಗೆಯುವುದು ಅವಳ ಮನೆಯ ಮರ್ಯಾದೆ. ಗವಸು ಏನಿದ್ದರೂ ಮನೆಯವರಿಗೆ, ಬಂದವರಿಗೆ ಹೊಳೆಯುವ ಮರವೇ ಕಾಣಬೇಕು. ಡಾಕ್ಟ್ರು ಬಾಗಿಲು ತಟ್ಟುವಷ್ಟರಲ್ಲಿ ಕುರ್ಚಿ, ಮೇಜು, ಕಂಪ್ಯೂಟರ್ ಎಲ್ಲವೂ ಬಟ್ಟೆ ಕಳಚಿ ಸಜ್ಜಾಗಿ ನಿಂತಿದ್ದವು. ಅವನು ಗೋಡೆಯ ಪ್ಲಗ್ಗು ನೋಡಿದ, ವೋಲ್ಟೇಜು ಅಳೆದ, ಅನುಮಾನ ಬೇಡವೆಂದು ಪವರ್ ಸಪ್ಲೈಯನ್ನೇ ಬದಲಿಸಿದ. ಆಟ ಹಾಕಿದರೆ ಗುಡ್ಡದ ತುದಿಯವರೆಗೂ ಚಕಾರವಿಲ್ಲ.

"ನನ್ನ ಮುಖ ಕಂಡ್ರೆ ಸರಿಹೋಗುತ್ತೆ. ಇಲ್ಲೇ ಬಾಡಿಗೆಗೆ ಇದ್ದುಬಿಡ್ಲಾ?" ಎಂದು ಡಾಕ್ಟ್ರು ತಲೆ ಕೆರೆದುಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, "ಒಂದು ಮಾತು ನೆನಪಿರ್ಲಿ ಅಕ್ಕ. ಒಳಗೆ ಧೂಳು ಹೋಗೋಕೆ ಬಿಡ್ಬೇಡಿ. ಇದಕ್ಕೆ ಧೂಳಿಗಿಂತ ದೊಡ್ಡ ಶತ್ರು ಇಲ್ಲ" ಎಂದ.

ಹೇಳಿಹೇಳಿ ಯಾರಿಗೆ ಹೇಳಿದ ನೋಡಿ. ಗವಸಿನಕ್ಕ ಶನಿವಾರವೆಲ್ಲ ಬೇರೆ ಕೆಲಸ ಮುಟ್ಟಲಿಲ್ಲ. ಇದ್ದುದರಲ್ಲಿ ದಪ್ಪನೆಯ ಬಟ್ಟೆ ಆರಿಸಿ, ಒಳಗೊಂದು ಅಸ್ತರು ಕೊಟ್ಟು, ಕೆಳಗೆ ಎಲಾಸ್ಟಿಕ್ ಎಳೆದು, ತಂತಿಗಳು ಹೊರಬರುವ ತೂತುಗಳಿಗೆ ಕಾಜಾ ಹೊಲಿದು ಹೊಸ ಗವಸು ಮಾಡಿದಳು. ಧೂಳಿನ ಮಾತಿರಲಿ, ಇರುವೆಗೂ ದಾರಿ ಇರಲಿಲ್ಲ. ತೊಡಿಸಿ ನೋಡಿ ಅವಳಿಗೇ ಹೆಮ್ಮೆಯೆನಿಸಿತು. ಪಾಪ, ತಂಗಿಗಾಗಿ ಇಷ್ಟು ಪ್ರೀತಿಯಿಂದ ಅವಳು ಯಾವತ್ತೂ ಏನೂ ಹೊಲಿದಿರಲಿಲ್ಲ.

ಭಾನುವಾರ ಹಳದಿ ಟೋಪಿ ಕೆರೆಯ ಬಳಿ ಕಾಯುತ್ತಿತ್ತು. ಹುಲ್ಲು ಎಂದಿನಂತೆ ದಾರಿ ಬಿಟ್ಟಿತು. ನೀರಿನ ಮೇಲೆ ಹಕ್ಕಿಗಳ ನೆರಳು ಜಾರಿಹೋಯಿತು, ಹಕ್ಕಿಗಳು ಮಾತ್ರ ಕಾಣಲಿಲ್ಲ. ಈ ಜಾಗ ಬಿಟ್ಟು ಹೋಗುವುದೇ ಬೇಡವೆಂದು ಗವಸಿನಕ್ಕನಿಗೆ ಅನ್ನಿಸಿತು.

"ಇಲ್ಲೇ ಹೇಳಿಬಿಡೇ" ಎಂದಳು.

"ಇಲ್ಲ. ಮೇಲೇ ಹೇಳೋದು." ತಂಗಿಯದೂ ಅದೇ ಮನೆತನದ ಹಟ.

ಗುಡ್ಡದ ಬುಡದಲ್ಲಿ ಮೊದಲ ಮರ ದಾಟಿದ್ದರು, ಅಷ್ಟೆ. ಮಿಂಚುಹುಳುಗಳು ಇನ್ನೂ ಎದ್ದಿರಲಿಲ್ಲ. ಪರದೆ ಕಪ್ಪಾಯಿತು.

ಗವಸಿನಕ್ಕನಿಗೆ ಅಳು ಬಂತು. ಮುಗಿಯಿತು, ಇನ್ನು ತಂಗಿ ಕರೆಯುವುದಿಲ್ಲ. ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು, ಈ ಹಾಳು ಡಬ್ಬಿಗೆ ನಾನು ಏನು ಕಡಿಮೆ ಮಾಡಿದೆ ಎಂದುಕೊಳ್ಳುತ್ತ, ಸೊಟ್ಟಗಾಗಿದ್ದ ಗವಸನ್ನು ಸರಿಮಾಡಲು ಕೈ ಇಟ್ಟಳು. ಹೊಲಿಯುವವರ ಕೈ, ಸುಕ್ಕು ಕಂಡರೆ ಅಳುವಿನಲ್ಲೂ ಸುಮ್ಮನಿರುವುದಿಲ್ಲ. ಬಟ್ಟೆ ಸುಡುತ್ತಿತ್ತು. ಅಂಗೈಗೆ ಆ ಕಾವಿನ ಗುರುತು ಸಿಕ್ಕಿತು. ಹೊದಿಕೆಯ ಮೇಲಿಂದ ಮುಟ್ಟಿದಾಗ ಅಮ್ಮನ ಎದೆ ಹೀಗೇ ಇತ್ತು. ಇಷ್ಟೇ ಬಿಸಿ, ಒಳಗೆ ಹೀಗೇ ಏದುಸಿರು.

ಗಾಳಿ ಆಡ್ಲಿ ಬಿಡೇ ಅಕ್ಕ.

ಎಲಾಸ್ಟಿಕ್ಕಿಗೆ ಬೆರಳು ಸಿಕ್ಕಿಸಿ ಎಳೆದಳು. ಗವಸು ಬಿಟ್ಟುಕೊಡುತ್ತಿದ್ದಂತೆ ಒಳಗಿನ ಬಿಸಿ ಅವಳ ಮುಖಕ್ಕೆ ಹೊಡೆಯಿತು. ಅಂಗಡಿಯಲ್ಲಿ ಗವಸಿರಲಿಲ್ಲ. ಡಾಕ್ಟ್ರು ಮನೆಗೆ ಬಂದಾಗಲೂ ಇರಲಿಲ್ಲ. ತಾನು ಬೆಚ್ಚಗೆ ಮುಚ್ಚಿದಾಗಲೆಲ್ಲ ಅದು ಉಸಿರುಕಟ್ಟಿ ಬಿದ್ದಿತ್ತು. ಗವಸಿನಕ್ಕ ನೆಲದ ಮೇಲೆ ಕೂತಲ್ಲಿಂದಲೇ ಕಿಟಕಿ ನೋಡುತ್ತ ಇದ್ದುಬಿಟ್ಟಳು. ಕಂಪ್ಯೂಟರ್ ಆರುವಷ್ಟು ಹೊತ್ತು ಬೇಕಾಗಿತ್ತು, ಅವಳಿಗೂ ಬೇಕಾಗಿತ್ತು.

ಮತ್ತೆ ಆಟ ತೆರೆದಾಗ ತಂಗಿ ಇರುತ್ತಾಳೆಂಬ ನಂಬಿಕೆ ಇರಲಿಲ್ಲ. ಎದ್ದು ಹೋದ ಮೇಲೆ ಹಿಂದಿರುಗಿ ಬಂದು ನೋಡಿದ ಅಭ್ಯಾಸವೇ ಅವಳಿಗಿರಲಿಲ್ಲ. ಗುಡ್ಡದ ಬುಡದಲ್ಲಿ, ಮೊದಲ ಮರದ ಕೆಳಗೆ, ಹಳದಿ ಟೋಪಿ ನಿಂತೇ ಇತ್ತು.

"ಹೋಗ್ಲಿಲ್ವಾ?"

"ಹೊರಟಿದ್ದೆ. ನೀನು ವಾಪಸ್ ಬರ್ತೀಯಾ ಅಂತ ಒಂದ್ಸಲ ನೋಡೋಣ ಅನ್ನಿಸ್ತು."

ಹತ್ತಿದರು. ಎಲೆಗಳು ಅಲುಗಿದವು, ಮಂಜು ಬಂತು, ಮಿಂಚುಹುಳುಗಳು ಒಂದೊಂದಾಗಿ ಎದ್ದು ಇಬ್ಬರ ಸುತ್ತಲೂ ತೇಲಿದವು. ಮೇಜಿನ ಕೆಳಗೆ ಕಂಪ್ಯೂಟರ್ ಬರಿಮೈಯಲ್ಲಿ ಹಗುರಾಗಿ ಉಸಿರಾಡುತ್ತಿತ್ತು. ಬೆಂಚಿನ ಎರಡೂ ತುದಿ ತುಂಬಿದವು. ತಂಗಿ ಬಾಯಿ ತೆರೆಯುವ ಮೊದಲು ಗವಸಿನಕ್ಕನೇ ಶುರುಮಾಡಿದಳು.

"ಕಂಪ್ಯೂಟರಿಗೆ ಗವಸು ಹಾಕಿ ಹಾಕಿ ನಾನೇ ಉಸಿರುಕಟ್ಟಿಸಿದ್ದೆ ಕಣೇ. ಇವತ್ತು ಗೊತ್ತಾಯ್ತು. ಅವತ್ತು ಅಮ್ಮನಿಗೂ ಹಾಗೇ ಮಾಡಿದ್ದೆ. ನೀನು ಹೊದಿಕೆ ತೆಗೆದದ್ದೇ ಸರಿ."

ಕೆಳಗೆ ಕೆರೆಯ ಬಣ್ಣ ನಿಧಾನವಾಗಿ ಬದಲಾಯಿತು.

"ನಾನು ಹೇಳಬೇಕಿದ್ದದ್ದು ಅದೇ ಅಕ್ಕ, ಅದರ ವಿಷಯಾನೇ" ಎಂದಳು ತಂಗಿ. "ನೀನು ಹೋದ ಸ್ವಲ್ಪ ಹೊತ್ತಿಗೆ ಜ್ವರ ಇಳೀತು. ಅಮ್ಮ ಕಣ್ಣು ಬಿಟ್ಟು ಚಳಿ ಅಂದ್ಲು. ದೊಡ್ಡವಳು ಹೊಲಿದದ್ದು ಎಲ್ಲಿ, ಅದನ್ನ ಹೊದಿಸು ಅಂದ್ಲು. ಹೊದಿಸಿದೆ. ಅದರ ಅಂಚು ಹಿಡ್ಕೊಂಡೇ ಇದ್ಲು, ಕೊನೇವರೆಗೂ. ನೀನು ಗೇಟು ತೆಗೆದ ಸದ್ದು ಕೇಳಿ ನಾನೇ ಬೆರಳು ಬಿಡಿಸಿ ಅದನ್ನ ಮಡಿಸಿಟ್ಟೆ. ನೀನು ಮಾಡಿದ್ದೇ ಸರಿ ಆಯ್ತಲ್ಲ ಅಂತ ಹೊಟ್ಟೆಕಿಚ್ಚಿತ್ತು. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಅದು ಇಲ್ಲೇ ಇದೆ ಅಕ್ಕ, ನನ್ನ ಹತ್ರ."

ಗವಸಿನಕ್ಕನ ಕಾಲು ಹಳೆಯ ಚಾಳಿಯಂತೆ ಮೇಜಿನ ಕೆಳಗೆ ಚಪ್ಪಲಿ ಹುಡುಕಿತು. ಒಂದು ಸಿಕ್ಕಿತು. ಅದನ್ನು ಹೆಬ್ಬೆರಳಿನಿಂದ ದೂರ ತಳ್ಳಿ, ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಅಂಚಿನ ಹೊಲಿಗೆ ಏನಾದ್ರೂ ಬಿಟ್ಟಿದೆಯಾ?"

"ಒಂದು ಕಡೆ ಬಿಟ್ಟಿದೆ. ಅಮ್ಮ ಹಿಡ್ಕೊಂಡಿದ್ದ ಕಡೆ."

"ಅದನ್ನ ಹಾಗೇ ಬಿಡು" ಎಂದಳು ಗವಸಿನಕ್ಕ. "ಹೊಲೀಬೇಡ."