ಹಲ್ಲು ನೋಡುವ ಚೌಡಣ್ಣ

ತೆಲಿಗಿಯ ಚೌಡಣ್ಣನಿಗೆ ಯಾರೇ ಬಾಯಿ ತೆರೆದರೂ ವಯಸ್ಸು ಹೇಳುವ ಚಟ. ಕುರಿ ಸಂತೆಯಲ್ಲಿ ವಯಸ್ಸು ತಿಳಿಯಲು ಕುರಿಗಳ ತುಟಿ ಬಿಡಿಸಿ ಹಲ್ಲು ನೋಡಿ ನೋಡಿ ಬಂದದ್ದು ಅದು. ಬಸ್ಸಿನ ಕಂಡಕ್ಟರ್ ಆಕಳಿಸಿದರೆ "ನಲವತ್ತು ದಾಟೈತಿ" ಎನ್ನುತ್ತಾನೆ. ಮದುಮಗ ನಕ್ಕರೆ ಊಟ ಬಿಟ್ಟು ಎದ್ದು ಹತ್ತಿರ ಹೋಗುತ್ತಾನೆ. ಕುರಿಯ ಬಾಯಿಗೆ ಕೈ ಹಾಕುವ ಮೊದಲು ಮಾತ್ರ ಬೆರಳುಗಳನ್ನು ಕಂಬಳಿಗೆ ಉಜ್ಜಿ ಬಿಸಿ ಮಾಡಿಕೊಳ್ಳುತ್ತಾನೆ, ತಣ್ಣನೆ ಕೈಗೆ ಅದು ಬೆದರುತ್ತದೆಂದು. ಆರು ವರ್ಷದ ಮಗಳು ಸೌಭಾಗ್ಯಳ ದವಡೆ ಹಲ್ಲು ಹುಳುಕಾಗಿ, ಹರಪನಹಳ್ಳಿಯ ಹಲ್ಲಿನ ಡಾಕ್ಟರಮ್ಮನ ಮುಂದೆ ಕೂತಾಗಲೂ ಅವನು ಪರಿಣತನೇ. "ಹಾಲುಹಲ್ಲು ಅಲ್ಲೇನ್ರೀ, ಹೆಂಗೂ ಬೀಳೋದ ಐತಿ. ಕಿತ್ತು ಒಗೀರಿ" ಎಂದ. "ಮುಂದಿನ ಹಲ್ಲು ಈಗ ಬೀಳ್ತಾವ. ಈ ದವಡಿ ಹಲ್ಲು ಇಕಿಗೆ ಹತ್ತು ವರ್ಷ ಆಗೋ ತನಕ ಇರಬೇಕು. ಈಗ ಕಿತ್ತರ ಪಕ್ಕದ್ದು ವಾಲಿ, ಹೊಸದಕ್ಕ ಜಾಗ ಸಾಲಂಗಿಲ್ಲ" ಎಂದರು ಡಾಕ್ಟರಮ್ಮ. ಹಲ್ಲಿನೊಳಗೆ ಮೇಲ್ಭಾಗದ ನರ ಅಷ್ಟೇ ಕೆಟ್ಟಿದ್ದರೆ ಅದನ್ನಷ್ಟೇ ತೆಗೆದು ಔಷಧ ತುಂಬಬಹುದು, ಬೇರಿಗೆ ಇಳಿದಿದ್ದರೆ ಬೇರನ್ನೂ ತೊಳೆದು ತುಂಬಬೇಕು, ಹೇಗೂ ಮೇಲೊಂದು ಸ್ಟೀಲ್ ಟೋಪಿ ಎಂದು ವಿವರಿಸಿದರು. ಚೌಡಣ್ಣ ಕೀಳುವುದೂ ಸೇರಿ ಮೂರು ದಾರಿಗಳನ್ನೂ ಸಂತೆಯ ಟಗರುಗಳಂತೆ ಮನಸ್ಸಿನಲ್ಲೇ ಸುತ್ತು ಹಾಕಿ ನೋಡಿದ. "ಯಾವುದಕ್ಕ ಕಡಿಮಿ ಅಳ್ತಾಳ?" "ಜೋಮು ಹಿಡಿಸಿದ ಮ್ಯಾಲೆ ನೋವಾಗಂಗಿಲ್ಲ. ಎಕ್ಸ್‌ರೇದಾಗ ಬೇರು ಚಲೋ ಐತಿ, ಮ್ಯಾಲಿನ ನರ ಅಷ್ಟ ತೆಗೆದ್ರ ಸಾಕು." "ಹಂಗಾರ ಹಲ್ಲು ಉಳಸ್ರಿ." "ಬರ್ರಿ, ಎಷ್ಟು ಆಳ ಐತಿ ನೀವೂ ನೋಡ್ರಿ" ಎಂದು ಅವರು ಬಾಯಿ ನೋಡುವ ಪುಟ್ಟ ಕನ್ನಡಿ ಎತ್ತಿಕೊಂಡು ಕರೆದರೆ, ಊರಿನ ಬಾಯಿಗಳನ್ನೆಲ್ಲ ನೋಡಿದವನು ಗೋಡೆಯ ಕಡೆ ತಿರುಗಿ ನಿಂತ. "ಆ ಕನ್ನಡಿ ತಣ್ಣಗ ಇರ್ತೈತ್ರಿ" ಎಂದ, ಗೋಡೆಗೇ ಹೇಳುವಂತೆ. "ಒಂದೀಟು ಬೆಚ್ಚಗ ಮಾಡ್ಕೊಂಡು ಹಾಕ್ರಿ."